ಉದ್ದ ಕೂದಲು, ಸೀಳದ ತುದಿ: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಕೂದಲು ಬೆಳೆಯುವುದೇ ಇಲ್ಲ. ಭುಜ ದಾಟುತ್ತಲೇ ಇಲ್ಲ. ಏನು ಮಾಡಲಿ?

ಬೆಳೆಯುತ್ತಿದೆ. ಒಮ್ಮೆಯಾದರೂ ಬಣ್ಣ ಹಾಕಿಸಿದವರನ್ನು ಕೇಳಿ ನೋಡಿ, ತಿಂಗಳು ತುಂಬುವಷ್ಟರಲ್ಲಿ ಬೈತಲೆ ಹತ್ತಿರ ಬಿಳಿ ಗೆರೆ ಇಣುಕುತ್ತದೆ ಅಂತ ಗೋಳಾಡುತ್ತಾರೆ. ತಲೆಗೂದಲು ತಿಂಗಳಿಗೆ ಸುಮಾರು 1ರಿಂದ 1.25 ಸೆಂ.ಮೀ. ಬೆಳೆಯುತ್ತದೆ. ವರ್ಷಕ್ಕೆ ಹೆಚ್ಚುಕಡಿಮೆ 15 ಸೆಂ.ಮೀ. ಆಯಿತು. ಹಾಗಿದ್ದೂ ಜಡೆ ಇದ್ದಲ್ಲೇ ಇದೆ ಅಂದರೆ, ಮೇಲೆ ಬೆಳೆದಷ್ಟೂ ಕೆಳಗೆ ಮುರಿದು ಹೋಗುತ್ತಿದೆ ಅಂತಲೇ ಅರ್ಥ.

ಬುಡಕ್ಕೆ ಏನು ಹಚ್ಚಲಿ ಅಂತ ಎಲ್ಲರೂ ಕೇಳುತ್ತಾರೆ. ತುದಿಯ ಬಗ್ಗೆ ಯಾರೂ ಕೇಳುವುದಿಲ್ಲ. ಒಂದು ಲೆಕ್ಕ ಹಾಕಿ. ಸೊಂಟ ಮುಟ್ಟುವ ಜಡೆ ಸುಮಾರು 75 ಸೆಂ.ಮೀ. ಇದ್ದರೆ, ಅದರ ತುದಿ ಚರ್ಮದಿಂದ ಹೊರಗೆ ಬಂದು ಐದು ವರ್ಷ ಆಗಿದೆ. ಐದು ಬೇಸಿಗೆಯ ಬಿಸಿಲು, ನೂರಾರು ಸಲದ ತಲೆಸ್ನಾನ, ದಿನಾ ಎರಡು ಹೊತ್ತಿನ ಬಾಚಣಿಗೆ, ಎಲ್ಲವನ್ನೂ ಅದು ಕಂಡಿದೆ. ಅಜ್ಜಿಯ ಪೆಟ್ಟಿಗೆಯಲ್ಲಿನ ಹಳೇ ರೇಷ್ಮೆ ಸೀರೆಯನ್ನು ಹೇಗೆ ಮುಟ್ಟುತ್ತೀರೋ ಹಾಗೆ ಅದನ್ನು ಮುಟ್ಟಬೇಕು. ಚರ್ಮದಿಂದ ಹೊರಬಂದ ಕೂದಲಿಗೆ ಜೀವ ಇಲ್ಲ, ರಕ್ತ ಹರಿಯುವುದಿಲ್ಲ. ಹಾಗಾಗಿ ಗಾಯ ಮಾಯುವಂತೆ ಅದು ತಾನಾಗಿ ಸರಿಹೋಗುವುದಿಲ್ಲ.

ಹಾಗಾದರೆ ಜೋಪಾನ ಮಾಡಿದರೆ ಎಲ್ಲರಿಗೂ ಮಂಡಿವರೆಗೆ ಬರುತ್ತಾ?

ಇಲ್ಲ. ಪ್ರತಿ ಕೂದಲಿಗೂ ಬೆಳೆಯುವ ಕಾಲ ಅಂತ ಒಂದಿದೆ. ಸಾಮಾನ್ಯವಾಗಿ ಎರಡರಿಂದ ಆರು ವರ್ಷ. ಆಮೇಲೆ ಎರಡು ಮೂರು ವಾರ ಬೆಳವಣಿಗೆ ನಿಲ್ಲುತ್ತದೆ, ಸುಮಾರು ಮೂರು ತಿಂಗಳು ಹಾಗೇ ಇದ್ದು ಉದುರುತ್ತದೆ, ಅದೇ ಜಾಗದಲ್ಲಿ ಹೊಸದು ಬರುತ್ತದೆ. ಬೆಳೆಯುವ ಕಾಲ ಮೂರೇ ವರ್ಷ ಇರುವವರಿಗೆ 45 ಸೆಂ.ಮೀ. ಆಸುಪಾಸಿಗೆ ಕೂದಲು ನಿಲ್ಲುತ್ತದೆ. ಇದು ಹುಟ್ಟಿನಿಂದ ಬಂದದ್ದು, ಯಾವ ಎಣ್ಣೆಯೂ ಇದನ್ನು ಬದಲಿಸುವುದಿಲ್ಲ.

ಚೀನಾದ ಷಿಯೆ ಚಿಯುಪಿಂಗ್ 1973ರಿಂದ ಕೂದಲು ಕತ್ತರಿಸದೆ, 2004ರಲ್ಲಿ ಅಳೆದಾಗ 5.627 ಮೀಟರ್ ಇತ್ತು. ನಮ್ಮ ಉತ್ತರ ಪ್ರದೇಶದ ಸ್ಮಿತಾ ಶ್ರೀವಾಸ್ತವ 2023ರಲ್ಲಿ 7 ಅಡಿ 9 ಇಂಚಿನ ಕೂದಲಿಗೆ, ಬದುಕಿರುವವರ ವಿಭಾಗದಲ್ಲಿ ಗಿನ್ನೆಸ್ ದಾಖಲೆ ಪಡೆದರು. ಇವರ ಕೂದಲಿನ ಬೆಳೆಯುವ ಕಾಲವೇ ಬೇರೆ. ಅವರ ದಿನಚರಿ ನೋಡಿ ನಕಲು ಮಾಡಿದರೆ ಅವರ ಉದ್ದ ಬರುವುದಿಲ್ಲ. ಆದರೆ ಭುಜದಲ್ಲೇ ನಿಂತ ಬಹಳ ಜನರ ಕೂದಲು ಇನ್ನೂ ತನ್ನ ಮಿತಿ ಮುಟ್ಟಿಯೇ ಇರುವುದಿಲ್ಲ. ಮುರಿಯುವುದು ನಿಂತರೆ ಅರ್ಧ ಬೆನ್ನು ಬಹುತೇಕರಿಗೆ ಸಾಧ್ಯ.

ಕೂದಲು ಉದುರುತ್ತಿದೆಯೋ ಮುರಿಯುತ್ತಿದೆಯೋ ಗೊತ್ತಾಗುವುದು ಹೇಗೆ?

ಬಾಚಣಿಗೆಯಲ್ಲಿ ಸಿಕ್ಕ ಕೂದಲನ್ನು ಸುತ್ತಿ ಎಸೆಯುವ ಮೊದಲು ಕಿಟಕಿ ಬೆಳಕಿಗೆ ಹಿಡಿಯಿರಿ. ಕೆಳಗೆ ಬಿಳಿ ಹಾಳೆ ಇದ್ದರೆ ಇನ್ನೂ ಒಳ್ಳೆಯದು. ಒಂದು ತುದಿಯಲ್ಲಿ ಸಾಸಿವೆಗಿಂತ ಎಷ್ಟೋ ಚಿಕ್ಕದಾದ ಬಿಳಿ ಗಂಟು ಇದ್ದರೆ ಅದು ಬುಡದಿಂದ ಉದುರಿದ್ದು. ದಿನಕ್ಕೆ 50ರಿಂದ 100 ಹೀಗೆ ಉದುರುವುದು ಮಾಮೂಲಿ. ವಾರಕ್ಕೊಮ್ಮೆ ತಲೆಸ್ನಾನ ಮಾಡುವವರಿಗೆ ಆ ದಿನ ಕೈತುಂಬ ಬರುತ್ತದೆ, ಗಾಬರಿ ಬೇಡ.

ಎರಡೂ ಕಡೆ ಗಂಟು ಇಲ್ಲ, ತುಂಡು ಬೇರೆ ಗಿಡ್ಡ ಇದೆ ಅಂದರೆ ಅದು ಮುರಿದದ್ದು. ಈಗ ಅದನ್ನು ಎರಡು ಬೆರಳ ಮಧ್ಯೆ ಮೆಲ್ಲಗೆ ಎಳೆದು ನೋಡಿ. ಎಲ್ಲೋ ನಡುವೆ ಸಣ್ಣ ಬಿಳಿ ಚುಕ್ಕೆ ತಡೆಯಬಹುದು. ಅಲ್ಲಿ ಮೇಲಿನ ಪದರ ಕಿತ್ತುಹೋಗಿ ಒಳಗಿನ ನಾರು ಕೆದರಿಕೊಂಡಿದೆ, ಇನ್ನೊಂದು ಸಲ ಬಾಚಿದರೆ ಮುರಿಯುವುದು ಅಲ್ಲಿಯೇ. ಕವಲೊಡೆದ ತುದಿ, ಅಂದರೆ ನಾವೆಲ್ಲ ಸ್ಪ್ಲಿಟ್ ಎಂಡ್ಸ್ ಅನ್ನುವುದು, ಇದೇ ಸವೆತದ ಇನ್ನೊಂದು ರೂಪ.

ಹಣೆಯ ಅಂಚಿನಲ್ಲಿ ನಿಂತಿರುವ ಗಿಡ್ಡ ಕೂದಲನ್ನೂ ಹೀಗೇ ನೋಡಬಹುದು. ತುದಿ ಚೂಪಾಗಿ ಸಣ್ಣಗಾಗಿದ್ದರೆ ಹೊಸದಾಗಿ ಹುಟ್ಟಿದ್ದು. ಮೊಂಡಾಗಿದ್ದರೆ ಮುರಿದದ್ದು.

ಸೀಳಿದ ತುದಿಯನ್ನು ಅಂಟಿಸುವ ಸೀರಮ್ ನಿಜವಾಗಿ ಕೆಲಸ ಮಾಡುತ್ತಾ?

ಮುಂದಿನ ತಲೆಸ್ನಾನದವರೆಗೆ. ಅದರಲ್ಲಿ ಬಹುತೇಕ ಸಿಲಿಕೋನ್ ಇರುತ್ತದೆ. ಕೂದಲ ಮೇಲೆ ತೆಳ್ಳಗೆ ಕೂತು ನುಣುಪು ಕೊಡುತ್ತದೆ, ಉಜ್ಜಾಟ ಕಡಿಮೆ ಮಾಡುತ್ತದೆ. ಹೊಸದಾಗಿ ಸೀಳುವುದನ್ನು ತಡೆಯಲು ಇದು ಉಪಯೋಗವೇ. ಸೀಳಿದ್ದನ್ನು ಒಂದು ಮಾಡುವುದಿಲ್ಲ. ಸೀಳಿದ್ದಕ್ಕೆ ಕತ್ತರಿಯೇ ಮದ್ದು.

ತುದಿ ಕತ್ತರಿಸುತ್ತಿದ್ದರೆ ಬೇಗ ಬೆಳೆಯುತ್ತದಂತೆ, ಹೌದಾ?

ಕತ್ತರಿಸಿದ ಸುದ್ದಿ ಬುಡಕ್ಕೆ ತಲುಪುವುದಿಲ್ಲ. ಬೆಳವಣಿಗೆಯ ವೇಗ ಅಷ್ಟೇ ಇರುತ್ತದೆ. ಆದರೆ ಸೀಳಿದ ತುದಿಯನ್ನು ಬಿಟ್ಟರೆ ಸೀಳು ಮೇಲಕ್ಕೆ ಹತ್ತುತ್ತದೆ, ಪಕ್ಕದ ಕೂದಲಿಗೆ ಸಿಕ್ಕಿಕೊಂಡು ಅದನ್ನೂ ಮುರಿಯುತ್ತದೆ. ಮೂರು ನಾಲ್ಕು ತಿಂಗಳಿಗೊಮ್ಮೆ ಅರ್ಧದಿಂದ ಒಂದು ಸೆಂ.ಮೀ. ತೆಗೆಸಿದರೆ ಸಾಕು. ಅಷ್ಟರಲ್ಲಿ ಬೆಳೆದಿರುವುದು ಮೂರರಿಂದ ಐದು ಸೆಂ.ಮೀ., ಲೆಕ್ಕದಲ್ಲಿ ನಷ್ಟವಿಲ್ಲ. ತೊಂದರೆ ಇರುವುದು ಪಾರ್ಲರಿನಲ್ಲಿ. "ಸ್ವಲ್ಪ ಟ್ರಿಮ್ ಮಾಡಿ" ಅಂದರೆ ಅವರ ಸ್ವಲ್ಪ ನಾಲ್ಕು ಇಂಚು. ಬೆರಳಲ್ಲಿ ಅಳತೆ ತೋರಿಸಿ ಕೂತುಕೊಳ್ಳಿ.

ಮನೆಯಲ್ಲೇ ಮಾಡುವುದಾದರೆ: ಒಣಗಿದ ಕೂದಲಿನ ಒಂದು ಸಣ್ಣ ಗೊಂಚಲು ತೆಗೆದುಕೊಂಡು ಹುರಿ ಮಾಡಿ. ಕವಲೊಡೆದ ತುದಿಗಳು ಹುರಿಯಿಂದ ಹೊರಗೆ ಎದ್ದು ನಿಲ್ಲುತ್ತವೆ. ಸೀಳಿದ ಜಾಗದಿಂದ ಅರ್ಧ ಸೆಂ.ಮೀ. ಮೇಲೆ ಅವನ್ನಷ್ಟೇ ಕತ್ತರಿಸಿ. ಹಗಲು ಬೆಳಕು ಬೇಕು, ತಾಳ್ಮೆ ಬೇಕು. ಕತ್ತರಿ ಕೂದಲಿಗೇ ಅಂತ ಬೇರೆ ಇರಲಿ. ಹಾಲಿನ ಪ್ಯಾಕೆಟ್ ಕತ್ತರಿಸುವ ಮೊಂಡು ಕತ್ತರಿ ಕೂದಲನ್ನು ಜಜ್ಜುತ್ತದೆ, ಜಜ್ಜಿದ ತುದಿ ಮತ್ತೆ ಬೇಗ ಸೀಳುತ್ತದೆ.

ತಿರುಪತಿಯಲ್ಲಿ ಮುಡಿ ಕೊಟ್ಟರೆ ಮುಂದೆ ದಟ್ಟವಾಗಿ ಬರುತ್ತಂತಲ್ಲ?

ಹರಕೆಗೆ ಕೊಡಿ, ಖಂಡಿತ ಕೊಡಿ. ದಟ್ಟ ಆಗಲಿ ಅಂತ ಬೇಡ. ಬೋಳಿಸಿದ ಮೇಲೆ ಬರುವ ಕೂದಲಿನ ತುದಿ ಮೊಂಡಾಗಿರುವುದರಿಂದ ಕೈಗೆ ಒರಟಾಗಿ, ದಪ್ಪ ಅನಿಸುತ್ತದೆ, ಅಷ್ಟೇ. ಚರ್ಮದೊಳಗಿನ ಬೇರು ಮೊದಲು ಎಷ್ಟಿತ್ತೋ ಅಷ್ಟೇ.

ಎಣ್ಣೆ ಹಚ್ಚಬೇಕಾ ಬೇಡವಾ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಹಚ್ಚಿ, ಆದರೆ ಯಾಕೆ ಅಂತ ಗೊತ್ತಿರಲಿ. ಕೂದಲು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಪ್ರತಿ ತಲೆಸ್ನಾನದಲ್ಲೂ ಹೀಗಾಗಿ ಹೊರಪದರ ಸಡಿಲವಾಗುತ್ತದೆ, ಒಳಗಿನ ಪ್ರೋಟೀನ್ ಚೂರುಚೂರೇ ತೊಳೆದುಹೋಗುತ್ತದೆ. ಭಾರತದ ಇಬ್ಬರು ಸಂಶೋಧಕರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್ ಮೂರನ್ನೂ ಹೋಲಿಸಿ ನೋಡಿದ್ದರು. ಪ್ರೋಟೀನ್ ನಷ್ಟ ಕಡಿಮೆ ಮಾಡಿದ್ದು ತೆಂಗಿನೆಣ್ಣೆ ಮಾತ್ರ. ಅದರಲ್ಲಿ ಜಾಸ್ತಿ ಇರುವ ಲಾರಿಕ್ ಆಮ್ಲದ ಅಣು ಚಿಕ್ಕದು, ನೇರವಾದದ್ದು, ಕೂದಲ ಒಳಗೆ ಇಳಿಯುತ್ತದೆ. ಮಿಕ್ಕವು ಮೇಲೇ ಉಳಿಯುತ್ತವೆ.

ಅಂದರೆ ಎಣ್ಣೆಯ ಕೆಲಸ ತಲೆಸ್ನಾನಕ್ಕೆ ಮೊದಲು, ಉದ್ದಕ್ಕೂ, ಮುಖ್ಯವಾಗಿ ಕೆಳಗಿನ ಅರ್ಧಕ್ಕೆ. ಹಿಂದಿನ ರಾತ್ರಿಯೋ, ಒಂದೆರಡು ಗಂಟೆ ಮೊದಲೋ ಹಚ್ಚಿದರೆ ಸಾಕು. ನಾವು ಮಾಡುವುದು ಉಲ್ಟಾ. ನೆತ್ತಿಗೆ ಬಟ್ಟಲುಗಟ್ಟಲೆ ಸುರಿದು ತಟ್ಟುತ್ತೇವೆ, ತುದಿಗೆ ಅಂಗೈಯಲ್ಲಿ ಉಳಿದದ್ದನ್ನು ಒರೆಸುತ್ತೇವೆ. ಹೊಟ್ಟು ಇರುವವರಂತೂ ನೆತ್ತಿಗೆ ಎಣ್ಣೆ ಹಚ್ಚಲೇಬಾರದು. ಹೊಟ್ಟಿಗೆ ಕಾರಣವಾಗುವ ಶಿಲೀಂಧ್ರಕ್ಕೆ ಎಣ್ಣೆಯೇ ಊಟ. ಅಂಥವರು ಕಿವಿಯಿಂದ ಕೆಳಗಷ್ಟೇ ಹಚ್ಚಿ, ಹೊಟ್ಟಿಗೆ ಬೇರೆ ಔಷಧಿ ಶಾಂಪೂ ಬಳಸಲಿ.

ಹರಳೆಣ್ಣೆ?

ದೀಪಾವಳಿಯ ನರಕ ಚತುರ್ದಶಿಗೆ ನೆತ್ತಿಗೆ ಇಟ್ಟುಕೊಳ್ಳುವಷ್ಟು ಸಾಕು. ಬಹಳ ಅಂಟು, ಉದ್ದ ಕೂದಲಿನಲ್ಲಿ ಬೇಗ ಸಿಕ್ಕಾಗುತ್ತದೆ. ನಮ್ಮ ದೇಶದ್ದೇ ಒಂದು ಪ್ರಕರಣ 2017ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತ್ತು. ಉದ್ದ ಕೂದಲಿನ 20 ವರ್ಷದ ಹುಡುಗಿ ಹರಳೆಣ್ಣೆ, ತೆಂಗಿನೆಣ್ಣೆ ಬೆರೆಸಿ ಹಚ್ಚಿ ತಲೆಸ್ನಾನ ಮಾಡಿದ್ದಾಳೆ. ಕೂದಲೆಲ್ಲ ಒಂದೇ ಗಟ್ಟಿ ಮುದ್ದೆಯಾಗಿ, ಬಿಡಿಸಲಾಗದೆ ಕತ್ತರಿಸಬೇಕಾಯಿತು. ಇಂಥದ್ದು ಅಪರೂಪ. ಆದರೂ ಹಚ್ಚುವುದಾದರೆ ತೆಂಗಿನೆಣ್ಣೆಯಲ್ಲಿ ನಾಲ್ಕು ಹನಿ ಸೇರಿಸಿ, ಒಂದು ದಿಕ್ಕಿನಲ್ಲೇ ಮೇಲಿಂದ ಕೆಳಗೆ ಸವರಿ.

ಸೀಗೆಕಾಯಿಯಾ, ಶಾಂಪೂನಾ?

ಎರಡೂ ಆಗುತ್ತದೆ. ಗಲಾಟೆ ಇರುವುದು ಹಾಕುವ ರೀತಿಯಲ್ಲಿ.

ಶಾಂಪೂ ನೆತ್ತಿಗೆ ಮಾತ್ರ. ಒಂದು ಮಗ್ ನೀರಿನಲ್ಲಿ ಕದಡಿ ಬುಡಕ್ಕೆ ಹಾಕಿ, ಬೆರಳ ತುದಿಯಿಂದ ಉಜ್ಜಿ. ತೊಳೆಯುವಾಗ ಇಳಿಯುವ ನೊರೆಯೇ ಉದ್ದಕ್ಕೆ ಸಾಕು. ಕೂದಲನ್ನೆಲ್ಲ ನೆತ್ತಿಯ ಮೇಲೆ ಗುಡ್ಡೆ ಮಾಡಿ ಬಟ್ಟೆ ಒಗೆದಂತೆ ತಿಕ್ಕಬೇಡಿ. ಆಮೇಲೆ ಕಂಡೀಷನರ್, ಅದು ಇದಕ್ಕೆ ತದ್ವಿರುದ್ಧ: ಕಿವಿಯಿಂದ ಕೆಳಗೆ ಮಾತ್ರ. ಸವೆದ ಕೂದಲಿನ ಮೇಲ್ಮೈಯಲ್ಲಿ ಋಣ ವಿದ್ಯುದಂಶ ಜಾಸ್ತಿ. ಕಂಡೀಷನರಿನಲ್ಲಿ ಧನ ವಿದ್ಯುದಂಶದ ಪದಾರ್ಥ ಇರುತ್ತದೆ. ಹಾಗಾಗಿ ಎಲ್ಲಿ ಪೆಟ್ಟಾಗಿದೆಯೋ ಅಲ್ಲಿಗೇ ಹೋಗಿ ಅದು ಅಂಟುತ್ತದೆ. ಉದ್ದ ಕೂದಲಿಗೆ ಎಣ್ಣೆ ಬಿಟ್ಟರೂ ಇದನ್ನು ಬಿಡಬೇಡಿ ಅನ್ನುತ್ತೇನೆ.

ಸೀಗೆಪುಡಿ ಬಳಸುವವರು ಬಟ್ಟೆಯಲ್ಲಿ ಶೋಧಿಸಿ. ದಪ್ಪ ತರಿ ಕೂದಲನ್ನು ಕೆರೆಯುತ್ತದೆ. ಬರೀ ಅಂಟವಾಳ ತುಂಬ ಒಣಗಿಸುತ್ತದೆ. ಹಳೇ ಮೈಸೂರಿನ ಕಡೆ ಸೀಗೆಪುಡಿ ಜೊತೆ ಚಿಗರೆ ಎಲೆಯ ಪುಡಿ ಬೆರೆಸುವುದು, ಮಲೆನಾಡಿನ ಕಡೆ ದಾಸವಾಳದ ಸೊಪ್ಪನ್ನು ನೀರಿನಲ್ಲಿ ಕಿವುಚಿ ಲೋಳೆ ತೆಗೆದು ಹಾಕುವುದು ಸುಮ್ನೆ ಬಂದ ರೂಢಿಯಲ್ಲ. ಆ ಲೋಳೆ ಕೂದಲ ಎಳೆಗಳು ಒಂದಕ್ಕೊಂದು ಉಜ್ಜದೆ ಜಾರುವಂತೆ ಮಾಡುತ್ತದೆ. ನೆನೆಸಿ ರುಬ್ಬಿದ ಮೆಂತ್ಯವೂ ಅದೇ ಕೆಲಸ ಮಾಡುತ್ತದೆ. ಆದರೆ ತೊಳೆಯುವುದು ಕಷ್ಟ, ಚೂರುಗಳು ಎರಡು ದಿನ ಉದುರುತ್ತವೆ. ರುಬ್ಬುವ ಬದಲು ನೆನೆಸಿದ ಲೋಳೆ ನೀರು ಸಾಕು.

ಮೈಸೋಪನ್ನು ತಲೆಗೆ ಹಾಕುವುದು ಮಾತ್ರ ಬೇಡ. ಅದು ಕ್ಷಾರ, ಕೂದಲ ಹೊರಪದರ ಅದರಲ್ಲಿ ಎದ್ದುಕೊಳ್ಳುತ್ತದೆ.

ನಮ್ಮ ಏರಿಯಾದಲ್ಲಿ ಬೋರ್‌ವೆಲ್ ನೀರು. ಕೂದಲು ಪೊರಕೆ ಆಗಿದೆ.

ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂದಲ ಮೇಲೆ ಕೂತು ಒರಟು ಮಾಡುತ್ತವೆ. ಬಕೆಟ್ಟಿನ ಅಂಚಿನಲ್ಲಿ, ನಲ್ಲಿ ಬಾಯಲ್ಲಿ ಬಿಳಿ ಪಟ್ಟೆ ಕಟ್ಟುತ್ತಲ್ಲ, ಅದೇ. ಶವರಿಗೆ ಸಿಕ್ಕಿಸುವ ಸಣ್ಣ ಫಿಲ್ಟರುಗಳು ಕ್ಲೋರಿನ್ ತಗ್ಗಿಸಬಹುದು, ಗಡಸುತನ ತೆಗೆಯುವುದಿಲ್ಲ. ಅದಕ್ಕೆ ಉಪ್ಪು ಹಾಕುವ ಸಾಫ್ಟನರ್ ಯಂತ್ರವೇ ಬೇಕು. ಬಾಡಿಗೆ ಮನೆಯಲ್ಲಿ ಯಾರು ಹಾಕಿಸುತ್ತಾರೆ, ಅಲ್ವಾ? ಅದಕ್ಕೇ ಒಂದು ಸುಲಭದ ದಾರಿ. ತಲೆಸ್ನಾನವೆಲ್ಲ ಮುಗಿದ ಮೇಲೆ ಕೊನೆಯ ಎರಡು ಮಗ್ ಮಾತ್ರ ಕುಡಿಯುವ ಫಿಲ್ಟರ್ ನೀರೋ, ಹಿಡಿದಿಟ್ಟ ಮಳೆ ನೀರೋ ಹಾಕಿಕೊಳ್ಳಿ. ಒಂದು ಲೀಟರ್ ನೀರಿಗೆ ಒಂದು ಚಮಚ ವಿನಿಗರ್ ಬೆರೆಸಿಯೂ ಜಾಲಿಸಬಹುದು. ನಿಂಬೆಹಣ್ಣನ್ನು ನೇರವಾಗಿ ಹಿಂಡಿಕೊಳ್ಳುವುದು ಬೇಡ, ಬಿಸಿಲಿಗೆ ಹೋದರೆ ಚರ್ಮ ಸುಡುತ್ತದೆ. ಶಾಂಪೂ ಡಬ್ಬಿಯ ಮೇಲೆ ಇಡಿಟಿಎ ಅಂತ ಇದ್ದರೆ ಅದು ಈ ಲವಣಗಳನ್ನು ಹಿಡಿದು ತೊಳೆಯಲು ಸಹಾಯ ಮಾಡುತ್ತದೆ.

ತಲೆಸ್ನಾನ ಆದಮೇಲೆ ಏನೇನು ಮಾಡಬಾರದು?

ಹೆಚ್ಚು ಹಾಳಾಗುವುದು ಈ ಅರ್ಧ ಗಂಟೆಯಲ್ಲೇ. ಒದ್ದೆ ಕೂದಲು ಜಾಸ್ತಿ ಹಿಗ್ಗುತ್ತದೆ. ಹಿಗ್ಗಿ ಮಿತಿ ದಾಟಿದರೆ ಮತ್ತೆ ಮೊದಲಿನಂತೆ ಆಗುವುದಿಲ್ಲ.

ತಲೆ ಬಗ್ಗಿಸಿ, ತೆಳ್ಳನೆ ಟವೆಲ್ಲಿನಿಂದ ಪಟಪಟ ಜಾಡಿಸುವುದು ನಮ್ಮಲ್ಲಿ ದೊಡ್ಡ ಅಭ್ಯಾಸ. ನೋಡಲು ಚೆಂದ, ತುದಿಗೆ ಪೆಟ್ಟು. ಹಳೇ ಹತ್ತಿ ಪಂಚೆಯಲ್ಲಿ ಸುತ್ತಿ, ಅಲ್ಲಲ್ಲಿ ಒತ್ತಿ ನೀರು ತೆಗೆಯಿರಿ. ಭಾರದ ಟರ್ಕಿ ಟವೆಲ್ ಸುತ್ತಿ ನೆತ್ತಿಯ ಮೇಲೆ ಗಂಟೆಗಟ್ಟಲೆ ಇಟ್ಟುಕೊಳ್ಳಬೇಡಿ. ಒದ್ದೆಯಲ್ಲೇ ಜಡೆ ಹೆಣೆದು ಆಫೀಸಿಗೆ ಓಡುವುದೂ ಬೇಡ. ಸಂಜೆ ಬಿಚ್ಚಿದರೆ ಒಳಗೆ ಇನ್ನೂ ತೇವ ಇರುತ್ತದೆ, ಮುಗ್ಗಲು ವಾಸನೆ ಬೇರೆ. ಸಾಂಬ್ರಾಣಿ ಹೊಗೆ ಪರವಾಗಿಲ್ಲ, ಕೆಂಡದಿಂದ ದೂರ ಇದ್ದರೆ.

ಸಿಕ್ಕು ಬಿಡಿಸುವುದು ಹೇಗೆ?

ಕೆಳಗಿನಿಂದ ಮೇಲಕ್ಕೆ. ಕೊನೆಯ ನಾಲ್ಕು ಬೆರಳು ಉದ್ದ ಮೊದಲು, ಅದು ಬಿಟ್ಟ ಮೇಲೆ ಅದರ ಮೇಲಿನದು. ಗಂಟಿನ ಮೇಲ್ಭಾಗವನ್ನು ಮುಷ್ಟಿಯಲ್ಲಿ ಹಿಡಿದುಕೊಂಡರೆ ಬುಡಕ್ಕೆ ಎಳೆತ ಬೀಳುವುದಿಲ್ಲ. ಹಲ್ಲು ಅಗಲವಾದ ಬಾಚಣಿಗೆ ಸಾಕು. ಹಲ್ಲಿನ ನಡುವೆ ಅಚ್ಚಿನ ಗೆರೆ ಚುಚ್ಚುತ್ತಿದ್ದರೆ ಆ ಪ್ಲಾಸ್ಟಿಕ್ ಬಾಚಣಿಗೆ ಎಸೆಯಿರಿ. ನೇರ ಕೂದಲಿನವರು ಮುಕ್ಕಾಲು ಒಣಗಿದ ಮೇಲೆ ಬಾಚಲಿ. ಗುಂಗುರು ಕೂದಲಿನವರು ಕಂಡೀಷನರ್ ಇರುವಾಗಲೇ, ಜಾರುವಾಗಲೇ ಬಾಚುವುದು ಒಳ್ಳೆಯದು. ದಿನಾ ನೂರು ಸಲ ಬಾಚಬೇಕು ಅನ್ನುವ ಮಾತನ್ನು ಮರೆತುಬಿಡಿ.

ಮದುವೆ ಮನೆಯಿಂದ ಬಂದ ರಾತ್ರಿ ಇದು ಇನ್ನೂ ಮುಖ್ಯ. ಮೊಗ್ಗಿನ ಜಡೆಗೆ ಚೌರಿ ಕಟ್ಟಿರುತ್ತಾರೆ, ನೆತ್ತಿಯಲ್ಲಿ ಉಲ್ಟಾ ಬಾಚಿ ಗುಬುರು ಎಬ್ಬಿಸಿರುತ್ತಾರೆ, ಮೇಲೆ ಸ್ಪ್ರೇ, ಐವತ್ತು ಪಿನ್ನು. ನಿದ್ದೆಗಣ್ಣಲ್ಲಿ ಕೀಳಬೇಡಿ. ಪಿನ್ನುಗಳನ್ನು ಒಂದೊಂದಾಗಿ ತೆಗೆದು, ದಾರ ಕತ್ತರಿಸಿ ಹೂವು ಬಿಡಿಸಿ, ಕೈಯಲ್ಲಿ ಎಣ್ಣೆ ಸವರಿ ಮಲಗಿ. ಬೆಳಿಗ್ಗೆ ತೊಳೆದು ಕಂಡೀಷನರ್ ಹಾಕಿ ಬಿಡಿಸಿಕೊಳ್ಳಿ.

ದಿನಾ ಜಡೆ ಹಾಕಿದರೆ ಉದ್ದ ಆಗುತ್ತಾ?

ಸಡಿಲ ಜಡೆ ಹಾಕಿದರೆ ಕೂದಲು ಗಾಳಿಗೆ ಹಾರುವುದಿಲ್ಲ, ಬಟ್ಟೆಗೆ ಉಜ್ಜುವುದಿಲ್ಲ, ಹಾಗಾಗಿ ಉದ್ದ ಉಳಿಯುತ್ತದೆ. ಬಿಗಿ ಜಡೆ ಬೇರೆಯೇ ಕಥೆ. ಸ್ಕೂಲಿಗೆ ಹೋಗುವ ಹುಡುಗಿಯರಿಗೆ ಕಣ್ಣು ಮೇಲೆ ಹೋಗುವಷ್ಟು ಎಳೆದು ಎರಡು ಜಡೆ ಹಾಕುತ್ತೇವೆ. ವರ್ಷಗಟ್ಟಲೆ ಹಾಗೆ ಎಳೆದರೆ ಹಣೆಯಂಚಿನ, ಕಿವಿ ಮೇಲಿನ ಬೇರುಗಳು ಸೋತು ಅಲ್ಲಿ ಕೂದಲು ಬರುವುದೇ ನಿಲ್ಲಬಹುದು. ತಲೆ ನೋಯುತ್ತಿದೆ ಅಂತ ಮಗು ಅಂದರೆ ಜಡೆ ಬಿಗಿಯಾಗಿದೆ, ನೆಪ ಹೇಳುತ್ತಿಲ್ಲ.

ತರಕಾರಿ ಪೊಟ್ಟಣಕ್ಕೆ ಕಟ್ಟುವ ರಬ್ಬರ್ ಬ್ಯಾಂಡನ್ನು ಕೂದಲಿಗೆ ಹಾಕಲೇಬೇಡಿ. ಬಟ್ಟೆ ಸುತ್ತಿದ ಬ್ಯಾಂಡ್ ಇರಲಿ, ದಿನಾ ಒಂದೇ ಜಾಗಕ್ಕೆ ಬೇಡ. ಸ್ಕೂಟರಿನವರು ಜಡೆಯನ್ನು ಜಾಕೆಟ್ಟಿನ ಒಳಗೆ ಬಿಟ್ಟುಕೊಳ್ಳಿ, ಹೆಲ್ಮೆಟ್ ಕೆಳಗೆ ನುಣುಪಾದ ಸ್ಕಾರ್ಫ್ ಕಟ್ಟಿ. ಬ್ಯಾಗಿನ ಪಟ್ಟಿ ಹೆಗಲೇರುವಾಗ ಕೂದಲು ಅದರಡಿ ಸಿಕ್ಕಿದೆಯಾ ನೋಡಿ.

ರಾತ್ರಿಗೆ ಸಡಿಲ ಜಡೆ, ನುಣುಪಾದ ದಿಂಬಿನ ಕವರ್. ಸ್ಯಾಟಿನ್ ಕೊಳ್ಳಬೇಕಿಲ್ಲ. ಹರಿದ ರೇಷ್ಮೆ ಸೀರೆಯ ಜರಿ ಇಲ್ಲದ ಒಡಲಿನ ಭಾಗದಲ್ಲಿ ಎರಡು ಕವರ್ ಆಗುತ್ತದೆ.

ಸ್ಟ್ರೈಟ್ನಿಂಗ್, ಕೆರಟಿನ್, ಕಲರಿಂಗ್?

ಉದ್ದವೂ ಬೇಕು, ಇದೂ ಬೇಕು ಅಂದರೆ ಕಷ್ಟ. ಬ್ಲೀಚ್ ಮತ್ತು ರೀಬಾಂಡಿಂಗ್ ಕೂದಲಿಗೆ ಗಟ್ಟಿತನ ಕೊಡುವ ಒಳಗಿನ ಗಂಧಕದ ಕೊಂಡಿಗಳನ್ನೇ ಮುರಿಯುತ್ತವೆ. ಕೆಲವು ಕೆರಟಿನ್ ಟ್ರೀಟ್‌ಮೆಂಟುಗಳು ಬಿಸಿ ಮಾಡಿದಾಗ ಫಾರ್ಮಾಲ್ಡಿಹೈಡ್ ಅನಿಲ ಬಿಡುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಕ್ಯಾನ್ಸರ್ ತರುವ ಪದಾರ್ಥಗಳ ಪಟ್ಟಿಗೆ ಸೇರಿಸಿದೆ. ಅದು ಇಲ್ಲ ಅಂತ ಮಾರುವ, ಗ್ಲೈಆಕ್ಸಿಲಿಕ್ ಆಮ್ಲ ಇರುವ ಕ್ರೀಮುಗಳಿಂದ ಕಿಡ್ನಿಗೆ ಪೆಟ್ಟಾದ ಪ್ರಕರಣಗಳೂ ವರದಿಯಾಗಿವೆ. ಪಾರ್ಲರಿನಲ್ಲಿ ಕಣ್ಣುರಿ ಬಂದರೆ ಎದ್ದು ಬನ್ನಿ.

ಕೂದಲು ನೇರ ಮಾಡುವ ಇಸ್ತ್ರಿ ಯಂತ್ರ ಬಳಸುವುದಾದರೆ ಪೂರ್ತಿ ಒಣಗಿದ ಕೂದಲಿಗೆ, ಕಡಿಮೆ ಬಿಸಿಯಲ್ಲಿ. ಒದ್ದೆ ಇದ್ದರೆ ಒಳಗಿನ ನೀರು ಆವಿಯಾಗಿ ಗುಳ್ಳೆ ಎದ್ದು ಕೂದಲು ಅಲ್ಲೇ ತುಂಡಾಗುತ್ತದೆ. ಶುದ್ಧ ಮೆಹಂದಿ ಕೂದಲು ಮುರಿಯುವುದಿಲ್ಲ, ಸ್ವಲ್ಪ ಒಣಗಿಸುತ್ತದೆ. ಕಪ್ಪು ಮೆಹಂದಿ ಅಂತ ಸಿಗುವ ಪೊಟ್ಟಣದಲ್ಲಿ ಬಹಳ ಸಲ ಪಿಪಿಡಿ ಎಂಬ ರಾಸಾಯನಿಕ ಇರುತ್ತದೆ. ಅಲರ್ಜಿ ಆದರೆ ಮುಖವೆಲ್ಲ ಊದಿಕೊಳ್ಳುತ್ತದೆ.

ಅಕ್ಕಿ ತೊಳೆದ ನೀರು, ಈರುಳ್ಳಿ ರಸ?

ಚೀನಾದ ಹುವಾಂಗ್ಲುವೊ ಹಳ್ಳಿಯ ಯಾವೊ ಹೆಂಗಸರು ಹುಳಿ ಬರಿಸಿದ ಅಕ್ಕಿ ನೀರಿನಲ್ಲಿ ತಲೆ ತೊಳೆಯುತ್ತಾರೆ, ಅವರ ಕೂದಲು ಉದ್ದವೂ ಹೌದು. ಆದರೆ ಅವರು ಹದಿನೆಂಟಕ್ಕೆ ಒಮ್ಮೆ ಬಿಟ್ಟರೆ ಕತ್ತರಿಸುವುದೇ ಇಲ್ಲ, ಸದಾ ಎತ್ತಿ ಸುತ್ತಿ ಕಟ್ಟಿರುತ್ತಾರೆ. ಅದನ್ನು ಯಾರೂ ಹೇಳುವುದಿಲ್ಲ. ನುಣುಪು ಅನಿಸಿದರೆ ಹಾಕಿಕೊಳ್ಳಿ, ಇಲ್ಲದಿದ್ದರೆ ಕಲಗಚ್ಚಿಗೆ ಹೋಗಲಿ, ಹಸು ಕುಡಿಯುತ್ತದೆ. ಈರುಳ್ಳಿ ರಸದ ಬಗ್ಗೆ 2002ರ ಒಂದು ಸಣ್ಣ ಪ್ರಯೋಗ ಇದೆ. ಅದು ತೇಪೆ ತೇಪೆಯಾಗಿ ಕೂದಲು ಹೋದವರ ಮೇಲೆ ಮಾಡಿದ್ದು. ಉದ್ದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಏನು ತಿನ್ನಬೇಕು? ಬಯೋಟಿನ್ ಮಾತ್ರೆ ಬೇಕಾ?

ಕೊರತೆ ಇಲ್ಲದವರಿಗೆ ಬಯೋಟಿನ್‌ನಿಂದ ಲಾಭವಿಲ್ಲ. ಮೇಲಾಗಿ ಅದು ಥೈರಾಯ್ಡ್ ಸೇರಿ ಕೆಲವು ರಕ್ತಪರೀಕ್ಷೆಗಳ ಫಲಿತಾಂಶವನ್ನು ಏರುಪೇರು ಮಾಡುತ್ತದೆ. ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ಹೇಳಿ. ನಮ್ಮಲ್ಲಿ ನಿಜವಾದ ಕೊರತೆ ಕಬ್ಬಿಣದ್ದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಹುರುಳಿಕಾಳು, ಸೊಪ್ಪಿನ ಬಸ್ಸಾರು, ಮೊಟ್ಟೆ, ಮೀನು, ಮಾಂಸ, ನಿಮ್ಮ ಮನೆಯಲ್ಲಿ ಏನು ನಡೆಯುತ್ತದೋ ಅದು. ಊಟಕ್ಕೆ ನಿಂಬೆಹಣ್ಣು ಹಿಂಡಿ. ಊಟದ ಬೆನ್ನಿಗೇ ಕಾಫಿ, ಟೀ ಬೇಡ, ಕಬ್ಬಿಣ ಮೈಗೆ ಹತ್ತಲು ಬಿಡುವುದಿಲ್ಲ.

ಯಾವಾಗ ಡಾಕ್ಟರ ಹತ್ತಿರ ಹೋಗಬೇಕು?

ಡೆಂಗಿ, ಟೈಫಾಯ್ಡ್‌ನಂಥ ಜೋರು ಜ್ವರ ಬಂದು ಎರಡು ಮೂರು ತಿಂಗಳಿಗೆ, ಹೆರಿಗೆಯಾಗಿ ಕೆಲವು ತಿಂಗಳಿಗೆ ರಾಶಿ ಕೂದಲು ಉದುರುವುದುಂಟು. ಬಹುತೇಕ ತಾನಾಗಿ ನಿಲ್ಲುತ್ತದೆ. ಆರು ತಿಂಗಳಾದರೂ ನಿಲ್ಲದಿದ್ದರೆ, ಬೈತಲೆ ಅಗಲವಾಗುತ್ತಾ ಹೋದರೆ, ದುಂಡಗೆ ತೇಪೆ ಬಿದ್ದರೆ, ಮುಟ್ಟು ಏರುಪೇರಾಗಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ. ಇದು ಎಣ್ಣೆಯಲ್ಲಿ ಸರಿಹೋಗುವ ವಿಷಯ ಅಲ್ಲ.

ಉದ್ದ ಬೆಳೆಸಿ ಆಯಿತು, ಈಗ ಕತ್ತರಿಸಿ ಕ್ಯಾನ್ಸರ್ ರೋಗಿಗಳ ವಿಗ್‌ಗೆ ಕೊಡಬೇಕು. ಹೇಗೆ?

ಸಾಮಾನ್ಯವಾಗಿ 10–12 ಇಂಚಿಗಿಂತ ಗಿಡ್ಡ ಇದ್ದರೆ ವಿಗ್‌ಗೆ ಕೂದಲು ಸಂಗ್ರಹಿಸುವವರು ತೆಗೆದುಕೊಳ್ಳುವುದಿಲ್ಲ. ಬಣ್ಣ, ಬ್ಲೀಚ್ ಆದದ್ದನ್ನೂ ಕೆಲವರು ಬೇಡ ಅನ್ನುತ್ತಾರೆ, ಮೊದಲೇ ಕೇಳಿಕೊಳ್ಳಿ. ಹಿಂದಿನ ದಿನ ಎಣ್ಣೆ ಹಚ್ಚದೆ ತೊಳೆದು ಪೂರ್ತಿ ಒಣಗಿಸಿ. ಜಡೆ ಹೆಣೆದು, ಮೇಲೆ ಕೆಳಗೆ ಎರಡೂ ಕಡೆ ಬ್ಯಾಂಡ್ ಹಾಕಿ, ಮೇಲಿನ ಬ್ಯಾಂಡಿನಿಂದ ಒಂದು ಬೆರಳು ಮೇಲಕ್ಕೆ ಕತ್ತರಿಸಲು ಹೇಳಿ. ಒದ್ದೆ ಇದ್ದಾಗ ಕವರಿಗೆ ಹಾಕಬೇಡಿ, ಬೂಷ್ಟು ಹಿಡಿದು ಕಸಕ್ಕೆ ಹೋಗುತ್ತದೆ. ಜಡೆಯ ಉದ್ದ ಅಳೆಯುವಾಗ ಸೀಳಿದ ತುದಿಯನ್ನು ಲೆಕ್ಕಕ್ಕೆ ಸೇರಿಸಬೇಡಿ, ಅವರೂ ಸೇರಿಸುವುದಿಲ್ಲ.